ಆಕಾಶದ ಹೇನು ಕಟ್ಟಿದ ಆನ್ರಿ ಮಿನ್ಯೆ

ಘಟಕಕ್ಕೆ ಹೊಂದುವ ಒಬ್ಬ ವ್ಯಕ್ತಿಯ ಜೀವನವನ್ನು ಪಾಠದ ನಡುವೆ ತಂದರೆ ಮಕ್ಕಳು ವಿಜ್ಞಾನವನ್ನು ಮನುಷ್ಯರ ಕೆಲಸವೆಂದು ತಿಳಿಯುತ್ತಾರೆ ಎಂದು ನಮ್ಮ ಬೋಧನಾ ಪದ್ಧತಿಯ ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಮಾತು ಸರಿಯೇ. ಆದರೆ ಬೋಧನಾಭ್ಯಾಸದ ಶಾಲೆಗೆ ಹೋದಾಗ ನಾವೆಲ್ಲ ಹೇಳುವುದು ಅದೇ ಸೇಬು, ಅದೇ ಸ್ನಾನದ ತೊಟ್ಟಿ, ಅದೇ ರಾಮನ್ ಅವರ ಸಮುದ್ರಯಾನ. ಒಂಬತ್ತನೇ ತರಗತಿಯವರಿಗೆ ಇವು ಆರನೇ ತರಗತಿಯಿಂದಲೇ ಬಾಯಿಪಾಠ. ಬಲ ಮತ್ತು ಚಲನೆಯ ಘಟಕಕ್ಕೆ ನಾನು ಆರಿಸಿಕೊಂಡದ್ದು ಫ್ರಾನ್ಸಿನ ಆನ್ರಿ ಮಿನ್ಯೆ ಅವರನ್ನು. ಇವರು ಯಾವ ನಿಯಮವನ್ನೂ ಕಂಡುಹಿಡಿದವರಲ್ಲ. ಸಾಮಾನ್ಯ ಜನ ತಮ್ಮ ಮನೆಯಲ್ಲೇ ವಿಮಾನ ಕಟ್ಟಿ ತಾವೇ ಹಾರಿಸಬಹುದು ಎಂದು ನಂಬಿ, ಅದಕ್ಕೊಂದು ಪುಸ್ತಕ ಬರೆದವರು. ಲಘು ವಿಮಾನಗಳನ್ನು ಕೈಯಾರೆ ಕಟ್ಟುವವರ ನಡುವೆ ಇವರ ಹೆಸರು ಇಂದಿಗೂ ಮನೆಮಾತು. ನನಗೆ ಇವರು ಮುಖ್ಯವಾದದ್ದು ಮೇಷ್ಟ್ರಾಗಿ. ಪುಸ್ತಕದ ಮೂಲಕ ಅಷ್ಟು ದೂರದ ಜನರಿಗೆ ಅಷ್ಟು ಚೆನ್ನಾಗಿ ಕಲಿಸಿದವರು ಕಡಿಮೆ. ಆ ಕಲಿಕೆಯಿಂದಲೇ ಜನ ಸತ್ತದ್ದೂ ನಿಜ. ಎರಡನ್ನೂ ಹೇಳದೆ ಇವರ ಜೀವನ ಹೇಳಲಾಗದು.

ಮಿನ್ಯೆ ಅವರು ಹುಟ್ಟಿದ್ದು 1893ರ ಅಕ್ಟೋಬರ್ 19ರಂದು, ಫ್ರಾನ್ಸಿನ ಪಶ್ಚಿಮ ಭಾಗದ ಸೇಂತ್ ಎಂಬ ಊರಿನಲ್ಲಿ. ಹುಡುಗನಿಗೆ ಹತ್ತು ವರ್ಷ ತುಂಬಿದ ವರ್ಷವೇ ರೈಟ್ ಸಹೋದರರು ಹಾರಿದರು. ಹದಿನೆಂಟರ ಸುಮಾರಿಗೆ ಇವರು ಜರ್ಮನಿಯ ಗುಸ್ಟಾವ್ ಲಿಲಿಯೆಂಥಾಲ್ ಅವರೊಂದಿಗೆ ಪತ್ರವ್ಯವಹಾರ ಮಾಡಿದರು. ಗುಸ್ಟಾವ್ ಅವರ ಅಣ್ಣ ಆಟ್ಟೊ ಲಿಲಿಯೆಂಥಾಲ್ ಗ್ಲೈಡರ್ ಹಾರಾಟದ ಮೊದಲಿಗರು, 1896ರಲ್ಲಿ ಗ್ಲೈಡರ್‌ನಿಂದಲೇ ಬಿದ್ದು ತೀರಿಕೊಂಡವರು. ಅವರ ಪ್ರೇರಣೆಯಿಂದ ಮಿನ್ಯೆ 1912ರಲ್ಲಿ ತಮ್ಮ ಮೊದಲ ಯಂತ್ರವನ್ನು ಕಟ್ಟಿದರು. ತಮ್ಮ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ ಎಚ್.ಎಂ. 1 ಎಂದು ಹೆಸರಿಟ್ಟರು. ಮೊದಲ ಮಹಾಯುದ್ಧದಲ್ಲಿ ರೇಡಿಯೊ ಆಪರೇಟರ್ ಆಗಿ ದುಡಿದರು. ಮುಂದೆಯೂ ಅವರ ಕಸುಬು ರೇಡಿಯೊ ಎಂಜಿನಿಯರಿಂಗ್. ವಿಮಾನ ಹವ್ಯಾಸ.

ಯುದ್ಧ ಮುಗಿದ ಮೇಲೆ ಎಚ್.ಎಂ. 2, 3, 4 ಎಂದು ಕಟ್ಟುತ್ತಲೇ ಹೋದರು. ಇವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎಂಟನೆಯದು ಮಾತ್ರ ಚೆನ್ನಾಗಿ ಹಾರಿತು. 1928ರಲ್ಲಿ ಫ್ರಾನ್ಸಿನ ವಾಯುಯಾನ ಪತ್ರಿಕೆಯೊಂದರಲ್ಲಿ, ಹವ್ಯಾಸಿಗಳು ವಿಮಾನ ಕಟ್ಟುವುದು ಸಾಧ್ಯವೇ ಎಂಬ ಪ್ರಶ್ನೆ ಎತ್ತಿ ಲೇಖನ ಬರೆದರು. ಸಾಧ್ಯ ಎಂಬುದೇ ಅವರ ಉತ್ತರ. ಓದುಗರಿಂದ ಪತ್ರಗಳು ಬರತೊಡಗಿದವು. ಎಚ್.ಎಂ. 8ರ ನಕ್ಷೆ ನೋಡಿ ಸುಮಾರು 200 ವಿಮಾನಗಳು ತಯಾರಾದವು ಎನ್ನುತ್ತಾರೆ.

ಇಂಥ ಯೋಚನೆ ಅವರೊಬ್ಬರದೇ ಅಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬ್ರೆಜಿಲ್‌ನ ಸಾಂತೊಸ್ ದ್ಯುಮೊಂ ತಮ್ಮ ಪುಟ್ಟ ದೆಮೊಯಿಸೆಲ್ ವಿಮಾನಕ್ಕೆ ಪೇಟೆಂಟ್ ಪಡೆಯಲಿಲ್ಲ. 1910ರಲ್ಲಿ ಅಮೆರಿಕದ ಒಂದು ಜನಪ್ರಿಯ ಪತ್ರಿಕೆಯಲ್ಲಿ ಅದರ ನಕ್ಷೆ ಅಚ್ಚಾಗಿತ್ತು. ಅಮೆರಿಕದಲ್ಲೇ 1920ರ ದಶಕದ ಕೊನೆಗೆ ಶಿಕಾಗೊದ ಎಡ್ ಹೀತ್ ತಮ್ಮ ಪ್ಯಾರಾಸಾಲ್ ವಿಮಾನವನ್ನು ಬಿಡಿಭಾಗಗಳ ಕಿಟ್ ಆಗಿ ಮಾರುತ್ತಿದ್ದರು. ಒಟ್ಟಿಗೆ ಹಣವಿಲ್ಲದವರು ಒಂದೊಂದು ಭಾಗವನ್ನೇ ಕೊಳ್ಳಬಹುದಿತ್ತು. ಅದಕ್ಕೆ ಹಾಕುತ್ತಿದ್ದುದು ಹೆಂಡರ್ಸನ್ ಮೋಟಾರ್‌ಸೈಕಲ್ಲಿನ ನಾಲ್ಕು ಸಿಲಿಂಡರಿನ ಎಂಜಿನ್. ಹೀತ್ 1931ರಲ್ಲಿ ಹಾರಾಟದಲ್ಲೇ ಸತ್ತರು. ಅವರ ಕಂಪನಿ ಮುಂದೆ ಕೈಬದಲಾಗಿ ಹೀತ್‌ಕಿಟ್ ಎಂಬ ಎಲೆಕ್ಟ್ರಾನಿಕ್ಸ್ ಕಿಟ್‌ಗಳನ್ನು ಮಾರಿತು. ಮಿನೆಸೋಟದ ಬರ್ನಾರ್ಡ್ ಪೀಟೆನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ಹಾರಿದರು. ಇವರೆಲ್ಲ ವಿಮಾನ ಕಟ್ಟುವುದನ್ನು ಸುಲಭ ಮಾಡಿದರು. ಮಿನ್ಯೆ ಹಾರಿಸುವುದನ್ನೂ ಸುಲಭ ಮಾಡಲು ಹೊರಟರು.

ಕಾರಣ ಸ್ವಂತದ್ದು. ಮಾಮೂಲಿ ವಿಮಾನದಲ್ಲಿ ಕೈಯಲ್ಲಿ ಕೋಲು, ಕಾಲಲ್ಲಿ ಪೆಡಲ್. ಕೋಲು ಹಿಂದೆ ಮುಂದೆ ಮಾಡಿದರೆ ಮೂಗು ಏಳುತ್ತದೆ, ಇಳಿಯುತ್ತದೆ. ಪಕ್ಕಕ್ಕೆ ವಾಲಿಸಿದರೆ ರೆಕ್ಕೆಯ ತುದಿಯ ಪಟ್ಟಿಗಳು ಅಲುಗಿ ವಿಮಾನ ಓರೆಯಾಗುತ್ತದೆ. ಪೆಡಲ್ ಒತ್ತಿದರೆ ಬಾಲದ ಚುಕ್ಕಾಣಿ ತಿರುಗುತ್ತದೆ. ಈ ಮೂರನ್ನೂ ಒಟ್ಟಿಗೆ ಹೊಂದಿಸುವುದು ತಮಗೆ ಒಗ್ಗುವುದಿಲ್ಲ ಎಂದು ಮಿನ್ಯೆ ಕಂಡುಕೊಂಡರು. ಕೈಕಾಲುಗಳ ಹೊಂದಾಣಿಕೆ ಅವರಿಗೆ ಬರಲಿಲ್ಲ. ಹೆಚ್ಚಿನವರು ಇಲ್ಲಿ ಹಾರಾಟ ಬಿಡುತ್ತಾರೆ. ಇವರು ವಿಮಾನವನ್ನೇ ಬದಲಿಸಿದರು.

ಹದಿನಾಲ್ಕನೆಯ ಯಂತ್ರವನ್ನು ಅವರು ಒಂದರ ಹಿಂದೆ ಒಂದು ಎರಡು ರೆಕ್ಕೆಗಳಿಂದ ಮಾಡಿದರು. ಹಿಂದಿನ ರೆಕ್ಕೆ ಸ್ಥಿರ. ಮುಂದಿನ ರೆಕ್ಕೆ ಪೈಲಟ್‌ನ ತಲೆಯ ಮೇಲೆ, ಕೀಲಿನ ಮೇಲೆ ಕೂತಿರುತ್ತದೆ. ಕೋಲನ್ನು ಹಿಂದಕ್ಕೆ ಎಳೆದರೆ ಇಡೀ ಮುಂದಿನ ರೆಕ್ಕೆಯೇ ಮುಂಭಾಗದಲ್ಲಿ ಏಳುತ್ತದೆ, ಅದರ ಎತ್ತುವ ಬಲ ಹೆಚ್ಚುತ್ತದೆ. ಕೋಲನ್ನು ಪಕ್ಕಕ್ಕೆ ತಂದರೆ ಚುಕ್ಕಾಣಿ ತಿರುಗುತ್ತದೆ. ರೆಕ್ಕೆಯ ತುದಿಗಳು ಸ್ವಲ್ಪ ಮೇಲಕ್ಕೆ ಬಾಗಿರುವುದರಿಂದ ತಿರುವಿನಲ್ಲಿ ವಿಮಾನ ತಾನಾಗಿ ವಾಲಿಕೊಳ್ಳುತ್ತದೆ. ಪೆಡಲ್ ಇಲ್ಲ, ರೆಕ್ಕೆಯ ತುದಿಯ ಪಟ್ಟಿಗಳಿಲ್ಲ. ಒಂದೇ ಕೈ ಸಾಕು. ರೆಕ್ಕೆಯ ಅಗಲ ಸುಮಾರು 6 ಮೀಟರ್, ಉದ್ದ ಮೂರೂವರೆ ಮೀಟರ್, ಪೈಲಟ್ ಸೇರಿ ತೂಕ ಸುಮಾರು 200 ಕಿಲೊ. ನಮ್ಮ ತರಗತಿಯ ಕೊಠಡಿಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿದರೆ ಹಿಡಿಸುವಷ್ಟು. ಹೀಗೆ ಹೇಳಿದಾಗ ಮಕ್ಕಳು ಕೊಠಡಿಯನ್ನು ಒಮ್ಮೆ ಸುತ್ತಲೂ ನೋಡಿದರು. ಅಂಕಿಗಿಂತ ಆ ನೋಟ ಹೆಚ್ಚು ಕಲಿಸಿತು ಎಂದು ನನ್ನ ಎಣಿಕೆ.

ಹೆಸರಿನ ಕಥೆ ಮಕ್ಕಳಿಗೆ ಬಹಳ ಹಿಡಿಸಿತು. ಫೋರ್ಡ್ ಮಾಡೆಲ್ ಟಿ ಕಾರು ರಸ್ತೆಯ ಮೇಲೆಲ್ಲ ತುಂಬಿಕೊಂಡಾಗ ಫ್ರಾನ್ಸಿನವರು ಅದನ್ನು ರಸ್ತೆಯ ಹೇನು ಎಂದು ಆಡಿಕೊಂಡಿದ್ದರಂತೆ. ಮಿನ್ಯೆ ತಮ್ಮ ವಿಮಾನಕ್ಕೆ ಆಕಾಶದ ಹೇನು ಎಂದು ಹೆಸರಿಟ್ಟರು. ಫ್ರೆಂಚಿನಲ್ಲಿ ಪೂ ದ್ಯು ಸಿಯೆಲ್. ಇಂಗ್ಲಿಷಿನವರಿಗೆ ಹೇನು ಅಸಹ್ಯವಾಯಿತೋ ಏನೋ, ಅವರು ಅದನ್ನು ಹಾರುವ ಚಿಗಟ ಮಾಡಿಕೊಂಡರು.

ಇನ್ನು ಎಂಜಿನ್. ಮಿನ್ಯೆ ಹಾಕಿದ್ದು ಆಬಿಯೆ ದನ್ ಎಂಬ ಮೋಟಾರ್‌ಸೈಕಲ್ ಎಂಜಿನ್. ಸುಮಾರು 500 ಸಿಸಿ, ಟೂ-ಸ್ಟ್ರೋಕ್, 17 ಅಶ್ವಶಕ್ತಿ. ಇಂದಿನ 350 ಸಿಸಿ ಬುಲೆಟ್‌ನ ಶಕ್ತಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಟೂ-ಸ್ಟ್ರೋಕ್ ಎಂದರೆ ಏನೆಂದು ಮಕ್ಕಳಿಗೆ ಗೊತ್ತಿಲ್ಲ, ಅವರ ಅಪ್ಪಂದಿರಿಗೆ ಗೊತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಅದೇ ಜಾತಿಯದು, ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಹಾಕಬೇಕು. ಬೆರೆಸುವುದು ಮರೆತರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ರಸ್ತೆಯಲ್ಲಿ ಕಚ್ಚಿಕೊಂಡರೆ ತಳ್ಳಿಕೊಂಡು ಹೋಗಬಹುದು.

ಮೋಟಾರ್‌ಸೈಕಲ್ ಎಂಜಿನ್ನನ್ನು ಹಾಗೆಯೇ ತಂದು ಮೂಗಿಗೆ ಬಿಗಿದರೆ ವಿಮಾನವಾಗುವುದಿಲ್ಲ. ಚಿಕ್ಕ ಎಂಜಿನ್ ವೇಗವಾಗಿ ತಿರುಗಿದಾಗ ಮಾತ್ರ ಶಕ್ತಿ ಕೊಡುತ್ತದೆ. ಪ್ರೊಪೆಲರ್ ನಿಧಾನವಾಗಿ ತಿರುಗಿ ಹೆಚ್ಚು ಗಾಳಿಯನ್ನು ಹಿಂದಕ್ಕೆ ತಳ್ಳಿದಾಗ ಮಾತ್ರ ಚೆನ್ನಾಗಿ ಎಳೆಯುತ್ತದೆ. ಈ ಇಬ್ಬರನ್ನು ಹೊಂದಿಸಲು ಮಿನ್ಯೆ ನಡುವೆ ಒಂದು ಸರಪಳಿ ಹಾಕಿದರು. ಚಿಕ್ಕ ಹಲ್ಲುಗಾಲಿ ಎಂಜಿನ್ನಿಗೆ, ದೊಡ್ಡದು ಪ್ರೊಪೆಲರಿಗೆ. ಎಂಜಿನ್ ಎರಡು ಸುತ್ತಿಗಿಂತ ಹೆಚ್ಚು ತಿರುಗಿದರೆ ಪ್ರೊಪೆಲರ್ ಒಂದು ಸುತ್ತು. ಸೈಕಲ್ಲಿನಲ್ಲಿ ಇದರ ತಿರುವುಮುರುವು ನಡೆಯುತ್ತದೆ ಎಂದರೆ ಒಂಬತ್ತನೇ ತರಗತಿಗೆ ಸಾಕು. ನ್ಯೂಟನ್ನರ ಮೂರನೇ ನಿಯಮಕ್ಕೂ ಇಲ್ಲಿ ಒಳ್ಳೆಯ ಜಾಗ ಇದೆ.

ಟ್ಯೂನಿಂಗ್ ಕೂಡ ರಸ್ತೆಯದಲ್ಲ. ರಸ್ತೆಯಲ್ಲಿ ಯಾರೂ ಹತ್ತು ನಿಮಿಷ ಬಿಡದೆ ಪೂರ್ತಿ ಆಕ್ಸಲರೇಟರ್ ಕೊಡುವುದಿಲ್ಲ. ಮೇಲೇರುವ ವಿಮಾನ ಕೊಡಲೇಬೇಕು. ಆಗ ಸಿಲಿಂಡರ್ ಕಾಯುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದರೆ ಇನ್ನೂ ಕಾಯುತ್ತದೆ. ಆದ್ದರಿಂದ ಮಿಶ್ರಣದಲ್ಲಿ ಪೆಟ್ರೋಲನ್ನು ಸ್ವಲ್ಪ ಹೆಚ್ಚೇ ಇಡುತ್ತಾರೆ. ಸರಿ ಇದೆಯೋ ಇಲ್ಲವೋ ನೋಡಲು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಸಾಕು. ಕಾಫಿಪುಡಿಯ ಕಂದು ಬಣ್ಣವಿದ್ದರೆ ಸರಿ, ಬಿಳಿಚಿದ್ದರೆ ಪೆಟ್ರೋಲ್ ಸಾಲದು, ಕರಿ ಮೆತ್ತಿದ್ದರೆ ಹೆಚ್ಚಾಯಿತು. ನಮ್ಮೂರಿನ ಮೆಕ್ಯಾನಿಕ್ಕುಗಳು ನೋಡುವುದೂ ಇದನ್ನೇ. ಆಮೇಲೆ ವಿಮಾನದ ಬಾಲವನ್ನು ಮರಕ್ಕೆ ಕಟ್ಟಿ, ನಡುವೆ ಒಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಎಂಜಿನ್ ಪೂರ್ತಿ ಓಡಿಸಿ ಎಷ್ಟು ಕಿಲೊ ಎಳೆಯುತ್ತದೆ ಎಂದು ಓದಿಕೊಳ್ಳಬಹುದು. ಪ್ರೊಪೆಲರಿನ ಓರೆ ಹೆಚ್ಚಾಗಿದ್ದರೆ ಎಂಜಿನ್ ವೇಗಕ್ಕೆ ಏರುವುದೇ ಇಲ್ಲ. ಕಡಿಮೆಯಾಗಿದ್ದರೆ ಸುಮ್ಮನೆ ಕಿರುಚುತ್ತದೆ, ಎಳೆತ ಇರುವುದಿಲ್ಲ. ಪ್ರಯೋಗಶಾಲೆಯಲ್ಲಿ ಧೂಳು ಹಿಡಿದು ಕೂತಿರುವ ನಮ್ಮ ಸ್ಪ್ರಿಂಗ್ ತಕ್ಕಡಿಗೆ ಇಂಥ ಕೆಲಸವೂ ಉಂಟು ಎಂಬುದು ನನಗೇ ಹೊಸದಾಗಿತ್ತು.

ವಿಮಾನವನ್ನು ಕಟ್ಟಿದ್ದು ಪ್ಯಾರಿಸ್‌ನಲ್ಲಿ. ಹಾರಿಸಿದ್ದು ಸ್ವಾಸೊಂ ಎಂಬ ಊರಿನ ಬಳಿಯ ಬಯಲಿನಲ್ಲಿ. 1933ರ ಸೆಪ್ಟೆಂಬರ್ 10ರಂದು ಆಕಾಶದ ಹೇನು ಮೊದಲ ಬಾರಿ ನೆಲ ಬಿಟ್ಟಿತು. ಮುಂದಿನ ವರ್ಷದವರೆಗೂ ಅವರು ಅದನ್ನು ಹಾರಿಸಿ, ತಿದ್ದಿ, ಮತ್ತೆ ಹಾರಿಸಿ ನೋಡಿದರು. ಹೆಂಡತಿ ಆನೆಟ್ ಈ ಕೆಲಸದಲ್ಲಿ ಜೊತೆಗಿದ್ದರು.

1934ರಲ್ಲಿ ಪುಸ್ತಕ ಬಂತು. ಅದರಲ್ಲಿ ನಕ್ಷೆಗಳನ್ನು ಅವರೇ ಕೈಯಲ್ಲಿ ಬರೆದಿದ್ದರು. ಎದುರಿಗೆ ಕೂತವರೊಡನೆ ಮಾತಾಡುವ ಹಾಗೆ, ನಗಿಸುತ್ತ, ನಡುವೆ ತಮ್ಮ ಕಥೆ ಹೇಳುತ್ತ, ಯಾವ ಮರ, ಯಾವ ಅಂಟು, ಯಾವ ಉಪಕರಣ ಎಂದು ತಿಳಿಸುತ್ತ ಹೋಗುತ್ತಾರೆ. ಒಂದು ಮರದ ಪೆಟ್ಟಿಗೆ ಮಾಡಬಲ್ಲವನು ವಿಮಾನವನ್ನೂ ಮಾಡಬಲ್ಲ ಎಂಬುದು ಅವರ ಭರವಸೆ. ಹಾರುವುದನ್ನೂ ಪಾಠ ಪಾಠವಾಗಿ ಕಲಿಸಿದರು. ಮೊದಲು ನೆಲದ ಮೇಲೆ ಓಡಿಸುವುದು, ಆಮೇಲೆ ಚಿಕ್ಕ ನೆಗೆತ, ಆಮೇಲೆ ಉದ್ದ ನೆಗೆತ. ಸುಲಭದಿಂದ ಕಷ್ಟಕ್ಕೆ, ತಿಳಿದುದರಿಂದ ತಿಳಿಯದುದಕ್ಕೆ ಎಂದು ನಾವು ಪಾಠಯೋಜನೆಯ ಮೊದಲ ಪುಟದಲ್ಲಿ ಬರೆಯುವ ಸೂತ್ರ ಇದೇ ಅಲ್ಲವೆ? ಕಲಿಯುವವನಿಗೆ ಧೈರ್ಯ ಕೊಡುವುದರಲ್ಲಿ ಇವರನ್ನು ಮೀರಿಸುವವರನ್ನು ನಾನು ಕಂಡಿಲ್ಲ.

ಬಡಗಿಗಳು, ಮೆಕ್ಯಾನಿಕ್ಕುಗಳು, ಅಂಗಡಿಯವರು, ಶಾಲೆಯ ಹುಡುಗರು ಗ್ಯಾರೇಜುಗಳಲ್ಲಿ ಹೇನು ಕಟ್ಟತೊಡಗಿದರು. 1935ರ ಆಗಸ್ಟ್ 13ರಂದು ಮಿನ್ಯೆ ಅದೇ ಪುಟ್ಟ ಎಂಜಿನ್ನಿನಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಇಂಗ್ಲೆಂಡಿನಲ್ಲಿಳಿದರು. ಅತ್ಯಂತ ಕಿರಿದಾದ ಕಡೆಯಲ್ಲೂ ಅದು 34 ಕಿಲೊಮೀಟರ್ ಸಮುದ್ರ. ಅದೇ ವರ್ಷ ಪುಸ್ತಕ ಇಂಗ್ಲಿಷಿಗೆ ಬಂದು ಸಾವಿರಾರು ಪ್ರತಿ ಖರ್ಚಾಯಿತು. ಕಟ್ಟುವ ತಾಳ್ಮೆ ಇಲ್ಲದವರಿಗಾಗಿ ಕಂಪನಿಗಳು ಕಿಟ್ ಮಾರಿದವು. ಬ್ರಿಟನ್ನಿನಲ್ಲಿ ನೋಂದಣಿಯಾದ ಹೇನುಗಳೇ ನೂರು ದಾಟಿದವು.

ಬ್ರಿಟನ್ನಿನಲ್ಲಿ ಎಂಜಿನ್ ಬದಲಾಯಿತು. ಯುದ್ಧದ ಟ್ಯಾಂಕುಗಳ ವಿನ್ಯಾಸಕ್ಕೆ ಹೆಸರಾಗಿದ್ದ ಸರ್ ಜಾನ್ ಕಾರ್ಡನ್ 1172 ಸಿಸಿಯ ಫೋರ್ಡ್ ಕಾರಿನ ಎಂಜಿನ್ನನ್ನು ಹಗುರ ಮಾಡಿ, 31 ಅಶ್ವಶಕ್ತಿ ಬರುವ ಹಾಗೆ ತಿದ್ದಿ ಹೇನಿಗೆ ಒದಗಿಸಿದರು. ಮಿನ್ಯೆ ಬಳಸಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಸ್ಕಾಟ್ ಮೋಟಾರ್‌ಸೈಕಲ್ ಕಂಪನಿ ತನ್ನದೊಂದು ಟೂ-ಸ್ಟ್ರೋಕ್ ಎಂಜಿನ್ ತಂದಿತು. ಕಾರ್ಡನ್ ಅದೇ 1935ರ ಡಿಸೆಂಬರಿನಲ್ಲಿ ಪ್ರಯಾಣಿಕರ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡರು. ಅದಕ್ಕೂ ಹೇನಿಗೂ ಸಂಬಂಧವಿಲ್ಲ.

ಶಕ್ತಿ ಹೆಚ್ಚಾದರೆ ಒಳ್ಳೆಯದೇ ಎಂದು ಮಕ್ಕಳೂ ಹೇಳಿದರು. ಆದರೆ ಮೂಗಿನಲ್ಲಿ ಭಾರ ಹೆಚ್ಚಿದರೆ ಗುರುತ್ವ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಶಕ್ತಿ ಹೆಚ್ಚಿದರೆ ವೇಗ ಹೆಚ್ಚುತ್ತದೆ. ಮಿನ್ಯೆ ತಮ್ಮ ಬಯಲಿನಲ್ಲಿ ನೋಡಿದ ವಿಮಾನ ಹಗುರವಾದದ್ದು, ನಿಧಾನವಾದದ್ದು. ಪುಸ್ತಕದ ಹೆಸರು ಒಂದೇ ಆದರೂ ಗ್ಯಾರೇಜುಗಳಲ್ಲಿ ತಯಾರಾಗುತ್ತಿದ್ದ ವಿಮಾನ ಅದೇ ಅಲ್ಲ.

1935ರ ಕೊನೆಯಿಂದಲೇ ಅಪಘಾತಗಳು ಕೇಳಿಬಂದವು. 1936ರ ವಸಂತದಲ್ಲಿ ಬ್ರಿಟನ್ನಿನಲ್ಲಿ ಒಂದರ ಹಿಂದೊಂದು ಸಾವು. ಎಲ್ಲರೂ ಹೊಸಬರಾಗಿದ್ದರೆ ಅನುಭವ ಸಾಲದು ಎನ್ನಬಹುದಿತ್ತು. ಸತ್ತವರಲ್ಲಿ ವಾಯುಪಡೆಯ ನುರಿತ ಪೈಲಟ್‌ಗಳೂ ಇದ್ದರು. ಮೂಗು ಕೆಳಗಾದ ಹೇನು ಮತ್ತೆ ಏಳದೆ, ನೇರವಾಗಿ ನೆಲಕ್ಕೆ ಹೋಗಿ ಬೀಳುತ್ತಿತ್ತು.

ಊಹೆ ಬಿಟ್ಟು ಅಳೆಯುವ ಕಾಲ ಬಂತು. ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿಯೂ ಪ್ಯಾರಿಸ್ ಬಳಿಯ ಶಾಲೆ ಮೆದೊಂದಲ್ಲಿಯೂ ಇಡೀ ವಿಮಾನವನ್ನೇ ಒಳಗೆ ನಿಲ್ಲಿಸಬಹುದಾದ ದೊಡ್ಡ ವಾಯುಸುರಂಗಗಳಿದ್ದವು. ಹೇನನ್ನು ಅದರೊಳಗೆ ನಿಲ್ಲಿಸಿ, ಗಾಳಿ ಬೀಸಿ, ಬಲಗಳನ್ನು ಅಳೆದರು. ಮುಂದಿನ ರೆಕ್ಕೆಯ ಹಿಂದಿನ ಅಂಚು ಹಿಂದಿನ ರೆಕ್ಕೆಯ ಮುಂದಿನ ಅಂಚಿನ ಹತ್ತಿರವೇ, ಸ್ವಲ್ಪ ಮೇಲೆ ಇತ್ತು. ಪೈಲಟ್ ಮೂಗೆತ್ತಲು ಕೋಲು ಎಳೆದಾಗ ಮುಂದಿನ ರೆಕ್ಕೆಯ ಮುಂಭಾಗ ಏರುತ್ತದೆ, ಅದರ ಹಿಂದಿನ ಅಂಚು ಇಳಿಯುತ್ತದೆ. ನಡುವಿನ ಸಂದು ಕಿರಿದಾಗುತ್ತದೆ. ಆ ಸಂದಿನಲ್ಲಿ ಗಾಳಿ ಇನ್ನೂ ವೇಗವಾಗಿ ನುಗ್ಗಿ ಹಿಂದಿನ ರೆಕ್ಕೆಯ ಎತ್ತುವ ಬಲವನ್ನು ಹೆಚ್ಚಿಸುತ್ತದೆ. ಹಿಂದಿನ ರೆಕ್ಕೆ ಗುರುತ್ವ ಕೇಂದ್ರದ ಹಿಂದಿದೆ, ಅದು ಮೇಲೆದ್ದರೆ ಮೂಗು ಕೆಳಗೆ. ಮಾಮೂಲಿ ಹಾರಾಟದಲ್ಲಿ ಇದು ಗೊತ್ತಾಗುವುದಿಲ್ಲ. ಮೂಗು ಸುಮಾರು 15 ಡಿಗ್ರಿಗಿಂತ ಹೆಚ್ಚು ಕೆಳಗಾದಾಗ ಕೋಲನ್ನು ಪೂರ್ತಿ ಎಳೆದರೂ ವಿಮಾನ ಏಳುವುದಿಲ್ಲ. ಬದುಕಲು ಮಾಡಬೇಕೆಂದು ಪುಸ್ತಕ ಕಲಿಸಿದ ಕೆಲಸವೇ ಅಲ್ಲಿ ಕೆಳಗೆ ತಳ್ಳುತ್ತಿತ್ತು.

ಇದನ್ನು ವಿವರಿಸಲು ನಾನು ಮೀಟರ್ ಸ್ಕೇಲೊಂದನ್ನು ಬೆರಳ ಮೇಲೆ ನಿಲ್ಲಿಸಿ, ಎರಡೂ ಕಡೆ ರಟ್ಟಿನ ರೆಕ್ಕೆ ಅಂಟಿಸಿ ತೋರಿಸಿದೆ. ಬೆರಳೇ ಗುರುತ್ವ ಕೇಂದ್ರ. ಒಬ್ಬ ವಿದ್ಯಾರ್ಥಿ ಹಿಂದಿನ ರೆಕ್ಕೆಯನ್ನು ಪೆನ್ಸಿಲಿನಿಂದ ಮೆಲ್ಲಗೆ ಎತ್ತಿದ, ಮುಂದಿನದು ತಾನಾಗಿ ಇಳಿಯಿತು. ಸೂತ್ರ ಬರೆಯುವ ಅಗತ್ಯ ಬೀಳಲಿಲ್ಲ. ಪುಸ್ತಕ ನೋಡಿ ಕಟ್ಟಿದವರು ಸತ್ತ ಮೇಲೆ ಬರೆದವರಿಗೆ ಶಿಕ್ಷೆಯಾಗಲಿಲ್ಲವೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಆದರೂ ಅವಧಿಯ ಉಳಿದ ಹತ್ತು ನಿಮಿಷ ಅದಕ್ಕೇ ಹೋಯಿತು. ಬರೆದವರೇ ಮೊದಲು ತಮ್ಮ ಪ್ರಾಣ ಒಡ್ಡಿ ಹಾರಿದ್ದರಲ್ಲ ಎಂದು ಕೆಲವರು. ತಾನು ಬದುಕಿದೆ ಎಂದ ಮಾತ್ರಕ್ಕೆ ಬೇರೆಯವರೂ ಬದುಕುತ್ತಾರೆಯೇ ಎಂದು ಅವಳು.

ನನ್ನ ಅಭಿಪ್ರಾಯವನ್ನೂ ಹೇಳಬೇಕು. ಮಿನ್ಯೆ ಅವರನ್ನು ಜನರನ್ನು ಮರುಳು ಮಾಡಿದವರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸುಳ್ಳು ಹೇಳಿ ಲಾಭ ಮಾಡಿಕೊಳ್ಳುವವರು ಆ ಎಂಜಿನ್ ನಂಬಿ ಸಮುದ್ರ ದಾಟುವುದಿಲ್ಲ. ಆದರೆ ಅವರ ಪರೀಕ್ಷೆ ಒಬ್ಬನೇ ಪೈಲಟ್, ಒಂದೇ ಎಂಜಿನ್, ತನಗೆ ಹಿತವೆನಿಸಿದ ಹಾರಾಟ ಇಷ್ಟಕ್ಕೆ ಸೀಮಿತ. ವಿಮಾನ ಎಲ್ಲಿ ಕೈಕೊಡುತ್ತದೆ ಎಂಬ ಕಡೆಗೆ ಅವರು ಹೋಗಿ ನೋಡಿರಲಿಲ್ಲ. ಪುಸ್ತಕದ ಧ್ವನಿಯಲ್ಲಿ ಮಾತ್ರ ಎಲ್ಲವನ್ನೂ ನೋಡಿ ಬಂದವರ ನಿಶ್ಚಯ ಇತ್ತು. ಓದಿದವರು ನಂಬಿದ್ದು ಆ ಧ್ವನಿಯನ್ನು.

ಬ್ರಿಟನ್ ಹೇನುಗಳಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಅರ್ಧ ಕಟ್ಟಿದ ಎಷ್ಟೋ ವಿಮಾನಗಳು ಗ್ಯಾರೇಜಿನಲ್ಲೇ ಉಳಿದವು. ಫ್ರಾನ್ಸಿನಲ್ಲಿ ಮಿನ್ಯೆ ಸುರಂಗದ ಅಳತೆಗಳನ್ನು ಇಟ್ಟುಕೊಂಡು ರೆಕ್ಕೆಯ ಅಡ್ಡಕೊಯ್ತದ ಆಕಾರ ಬದಲಿಸಿದರು, ಎರಡು ರೆಕ್ಕೆಗಳ ನಡುವಿನ ಅಂತರವನ್ನು ತಿದ್ದಿದರು. ತಿದ್ದಿದ ಹೇನು ಮುಳುಗಿದರೂ ಮೇಲೇಳುತ್ತಿತ್ತು. ಆದರೆ ಪತ್ರಿಕೆಗಳಿಗೆ ಆ ಹೊತ್ತಿಗೆ ಹೇನಿನ ಮೇಲಿನ ಆಸಕ್ತಿ ತೀರಿತ್ತು. ತಿದ್ದುಪಡಿಯ ಸುದ್ದಿ ಅಪಘಾತದ ಸುದ್ದಿಯಷ್ಟು ದೂರ ಹೋಗಲಿಲ್ಲ.

ಎರಡನೇ ಮಹಾಯುದ್ಧ ಅವರ ಮನೆಯನ್ನು ಬಿಡಲಿಲ್ಲ. ಯುದ್ಧದ ಕೊನೆಯ ಗದ್ದಲದಲ್ಲಿ ಹೆಂಡತಿಯನ್ನು ಕಳೆದುಕೊಂಡರು. ಆ ಕಾಲದಲ್ಲೂ ರೆಕ್ಕೆ ಮಡಚಿ ಸಾಗಿಸಬಹುದಾದ ಒಂದು ಹೇನನ್ನು ವಿನ್ಯಾಸ ಮಾಡಿದ್ದರು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾ, ಜಪಾನ್, ಮೊರಾಕ್ಕೊ ಎಂದು ದೇಶದಿಂದ ದೇಶಕ್ಕೆ ಹೋಗಿ ಅಲ್ಲಲ್ಲಿ ಹೇನು ಕಟ್ಟಿಸಿದರು. ಎಚ್.ಎಂ. ಸಂಖ್ಯೆ 300 ದಾಟಿತು. ಹಣ ಮಾಡಿದಂತೆ ಕಾಣುವುದಿಲ್ಲ. 1965ರ ಆಗಸ್ಟ್ 31ರಂದು ಬೋರ್ದೊ ಪಕ್ಕದ ಪೆಸಾಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 71 ವರ್ಷ.

ಬ್ರಿಟನ್ನಿನ ಹವ್ಯಾಸಿ ಕಟ್ಟುಗರು 1946ರಲ್ಲಿ ಸಂಘ ಕಟ್ಟಿಕೊಂಡರು. ಅಮೆರಿಕದವರ ಸಂಘ 1953ರಲ್ಲಿ ಹುಟ್ಟಿತು. ಮನೆಯಲ್ಲಿ ಕಟ್ಟಿದ ವಿಮಾನವನ್ನು ಇನ್ನೊಬ್ಬ ಅನುಭವಿ ಹಂತ ಹಂತವಾಗಿ ಬಂದು ನೋಡಿ, ಸಹಿ ಹಾಕಿದ ಮೇಲೆಯೇ ಹಾರಿಸುವ ಪದ್ಧತಿ ಬ್ರಿಟನ್ನಿನ ಸಂಘದಲ್ಲಿ ನೆಲೆಯಾಯಿತು. ಮಿನ್ಯೆ ಅವರ ಮಗ ಮುಂದೆ ತಮ್ಮದೇ ಕಂಪನಿಯಲ್ಲಿ ಬಾಲೆರಿ ಎಂಬ ಎರಡು ಸೀಟಿನ ಲಘು ವಿಮಾನ ತಯಾರಿಸಿದರು. ಫ್ರಾನ್ಸಿನ ಸೈನ್ಯವೂ ಅದನ್ನು ಕೊಂಡು ಬಳಸಿತು. ಅದರಲ್ಲೂ ಒಂದರ ಹಿಂದೊಂದು ಎರಡು ರೆಕ್ಕೆ, ಮುಂದಿನದು ಕೀಲಿನ ಮೇಲೆ. ಎಂಜಿನ್ ಟೂ-ಸ್ಟ್ರೋಕ್.